ಮಣ್ಣು ಗುಣ ಮಾಡಿದ ಮನೆ

ಅಪ್ಪ ತೋಡಾರಿನಿಂದ ಕೆನ್ನೆ ತುಂಬಿಸಿಕೊಂಡು ತಿರುಗಿ ಬಂದ ದಿನ ನಮ್ಮ ಅಡುಗೆಕೋಣೆ ಕೆಟ್ಟಿತು. ಅಲ್ಲಿಂದಲೇ ಶುರು ಮಾಡುತ್ತೇನೆ. ಅದಕ್ಕಿಂತ ಹಿಂದಿನದೆಲ್ಲ ನಾಲ್ಕು ಜನರ ಮನೆಯ ಹಾಗೆಯೇ, ಹೇಳುವಂಥದ್ದೇನೂ ಇಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಪ್ಪನನ್ನು ಎದುರಿನಲ್ಲಿ ಕೊನೆಯವರೆಗೂ ಬಹುವಚನದಲ್ಲೇ ಮಾತನಾಡಿಸಿದೆ. ಬರೆಯುವಾಗ ಅಷ್ಟು ಮರ್ಯಾದೆ ಬೇಡ ಅನಿಸುತ್ತದೆ.

ಮನೆ ಪಾಣೆಮಂಗಳೂರಿನಲ್ಲಿ, ಪೇಟೆಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಎದುರಿಗೆ ಉದ್ದ ಚಾವಡಿ, ಅದರ ಹಿಂದೆ ಅಮ್ಮ ಕೂತು ಬೀಡಿ ಕಟ್ಟುತ್ತಿದ್ದ ಕತ್ತಲೆಕೋಣೆ, ಮತ್ತೆ ಅಡುಗೆಕೋಣೆ, ಹೊರಗೆ ಬಚ್ಚಲು. ಮನೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಅಳಿಯಕಟ್ಟು, ಮನೆ ಹೆಂಗಸರ ಕಡೆಯಿಂದ ಇಳಿದು ಬರುತ್ತದೆ. ಗಂಡ ಹೆಂಡತಿಯ ಮನೆಯಲ್ಲಿ ಉಣ್ಣಬಹುದು, ಮಲಗಬಹುದು, ಮಕ್ಕಳನ್ನು ಬೈಯಬಹುದು. ಆದರೆ ಕಾಯಿಲೆ ಬಿದ್ದರೆ, ಸತ್ತರೆ, ಅವನು ತಾಯಿಮನೆಯವರ ಸೊತ್ತು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಒಂದು ಮಳೆಗಾಲದಲ್ಲಿ ಇಳಿಯುತ್ತಾ ಇಳಿಯುತ್ತಾ ಕೊಡೆಯ ಕಡ್ಡಿಯ ಹಾಗಾದ. ಕೆಮ್ಮೂ ಇತ್ತು. ಹೊಟ್ಟೆಯ ಉಷ್ಣ ಗಂಟಲಿಗೆ ಏರಿದ್ದು ಅಂತ ನನಗೆ ಹೇಳಿದರು, ನಾನು ನಂಬಿದೆ. ನಮ್ಮ ಕ್ರಮದಂತೆ ಅವನ ಅಕ್ಕ ತೋಡಾರಿನಿಂದ ಬಂದು ತಮ್ಮನನ್ನು ಕರಕೊಂಡು ಹೋದಳು. ಕಾರ್ಖಾನೆಗೆ ಹೊಟ್ಟೆಯ ಕಾಯಿಲೆ ಅಂತ ತಿಳಿಸಿದರು. ಬಹಳ ತಿಂಗಳು ಅವನ ಮುಖ ನಾವು ನೋಡಲಿಲ್ಲ. ಹೆಂಡತಿಯ ಮನೆಯವರು ಅಲ್ಲಿಗೆ ಹೋಗಿ ಕೂತುಕೊಳ್ಳುವ ಕ್ರಮ ಇರಲಿಲ್ಲ.

ಬಂದವನು ಬೇರೆಯೇ ಮನುಷ್ಯ. ಮೈಯಲ್ಲಿ ಮಾಂಸ ಬಂದಿತ್ತು, ದನಿ ಗಟ್ಟಿಯಾಗಿತ್ತು. ಚಪ್ಪಲಿ ಬಿಡುವ ಮೊದಲೇ ಅಮ್ಮನನ್ನು, ಅಜ್ಜಿಯನ್ನು, ನನ್ನನ್ನು ಚಾವಡಿಗೆ ಕರೆದು ಭಾಷಣ ಶುರು ಮಾಡಿದ. ನಾವು ಮನೆಯಲ್ಲಿ ತುಳುವಿನವರು. ಅಪ್ಪ ಆವತ್ತಿನಿಂದ ಶರೀರದ ವಿಷಯ ಬಂದಾಗೆಲ್ಲ ಕನ್ನಡಕ್ಕೆ ಹೋಗುತ್ತಿದ್ದ, ಅದೂ ಪುಸ್ತಕದ ಕನ್ನಡ.

"ರೋಗವು ಹೊರಗಿನಿಂದ ಬರುವುದಿಲ್ಲ. ಪ್ರತಿಯೊಬ್ಬನೂ ತನ್ನ ರೋಗವನ್ನು ತಾನೇ ಬೇಯಿಸಿಕೊಂಡು ತಿನ್ನುತ್ತಾನೆ. ನಿಮ್ಮ ಶರೀರಕ್ಕೆ ನೀವೇ ಹೊಣೆ. ನನಗೆ ಮಣ್ಣು ಗುಣ ಮಾಡಿತು, ನೀರು ಗುಣ ಮಾಡಿತು, ಉಪವಾಸ ಗುಣ ಮಾಡಿತು. ಒಂದು ಮಾತ್ರೆ ನಾನು ನುಂಗಿದವನಲ್ಲ."

ಅಜ್ಜಿ ಬಾಗಿಲ ಮರೆಯಲ್ಲಿ ನಿಂತು ಕೇಳಿ, ಒಳಗೆ ಹೋಗಿ ಒಲೆಯ ಬೆಂಕಿ ಮುಂದೆ ಮಾಡಿದಳು. ಸಂಜೆಯೊಳಗೆ ಒಣಮೀನಿನ ಮಡಕೆ, ಹುಣಸೆಹುಳಿ, ಮೆಣಸು, ಕಾಫಿಪುಡಿ ಎಲ್ಲ ಮನೆಯಿಂದ ಹೊರಗಾಯಿತು. ಬೆಳಿಗ್ಗೆ ಬೂದುಕುಂಬಳದ ರಸ. ಮಧ್ಯಾಹ್ನ ಉಪ್ಪಿಲ್ಲದ ಕುಚ್ಚಲಕ್ಕಿ ಗಂಜಿ, ತಿಮರೆಯ ಅಂದರೆ ಒಂದೆಲಗದ ಚಟ್ನಿ, ಬೇಯಿಸಿದ ಬಸಳೆ, ತೆಂಗಿನಕಾಯಿ ತುರಿ. ಸಂಜೆ ಹೊತ್ತು ಮುಳುಗುವ ಮೊದಲು ಮೊಳಕೆ ಬರಿಸಿದ ಹೆಸರು, ಬಾಳೆಹಣ್ಣು. ಗುರುವಾರ ಬರೀ ಎಳನೀರು. ಭತ್ತ ಬೇಯಿಸುವ ದೊಡ್ಡ ಕಟಾರವನ್ನು ಬಚ್ಚಲಿಗೆ ಹೊರಿಸಿ, ತಣ್ಣೀರು ತುಂಬಿಸಿ, ಅದರಲ್ಲಿ ಸೊಂಟದವರೆಗೆ ಮುಳುಗಿ ಕೂರುವುದು. ಅದು ಅಜ್ಜಿಗೆ ತಡೆದುಕೊಳ್ಳಲು ಆಗಲಿಲ್ಲ. ಅತ್ತೆ ಅಳಿಯನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ, ಅಳಿಯ ಅತ್ತೆಗೆ ಎದುರುತ್ತರ ಕೊಡುವ ಹಾಗೂ ಇರಲಿಲ್ಲ. ಇಬ್ಬರಿಗೂ ನಾನು ಬೇಕಿತ್ತು. ಬಾಗಿಲಿನ ಈ ಕಡೆ ಒಬ್ಬರು, ಆ ಕಡೆ ಒಬ್ಬರು, ನಡುವೆ ನಾನು. ನಾನು ಬಾಯಿ ತೆರೆಯುವ ಮೊದಲೇ ಮಾತು ಮುಟ್ಟಿರುತ್ತಿತ್ತು.

"ವಾರಿಜಾ, ನಿನ್ನ ಅಪ್ಪನಿಗೆ ಹೇಳು, ಭತ್ತ ಬೇಯಿಸುವ ಕಟಾರದಲ್ಲಿ ಗಂಡಸರು ಕೂತುಕೊಳ್ಳುವುದಲ್ಲ ಅಂತ."

"ವಾರಿಜಾ, ನಿನ್ನ ಅಜ್ಜಿಗೆ ಹೇಳು, ಕೂತ ಮೇಲೆ ತೊಳೆದಿಡ್ತೇನೆ ಅಂತ."

"ತೊಳೆದರೆ ಹೋಗುವಂಥದ್ದಲ್ಲ ಅಂತ ಹೇಳು. ಉಪ್ಪಿಲ್ಲದ ಗಂಜಿ ದನಕ್ಕೆ ಹಾಕುವುದು ಅಂತಲೂ ಹೇಳು."

"ದನಕ್ಕೆ ಮೂಲವ್ಯಾಧಿ ಬರುವುದಿಲ್ಲ ಅಂತ ಹೇಳು."

ನಾನು ನಗುತ್ತಿದ್ದೆ, ಆದರೆ ನಾನು ಅಪ್ಪನ ಕಡೆ. ಇದನ್ನು ನಾಚಿಕೆ ಇಲ್ಲದೆ ಹೇಳುತ್ತೇನೆ. ಹತ್ತು ವರ್ಷದ ಹುಡುಗಿಗೆ, ನಿನ್ನ ಒಡಲಿಗೆ ನೀನೇ ಯಜಮಾನಿ ಅಂತ ಒಬ್ಬರು ಹೇಳಿದರೆ ಅದು ಸಣ್ಣ ಮಾತಲ್ಲ. ಅಲ್ಲಿಯವರೆಗೆ ನನ್ನದು ಅಂತ ಹೇಳಲು ಒಂದು ತಲೆದಿಂಬೂ ಇರಲಿಲ್ಲ. ನನ್ನ ಕಾಲಲ್ಲಿ ಪ್ರತಿ ಮಳೆಗಾಲಕ್ಕೂ ಕಜ್ಜಿ ಎದ್ದು ಕೀವಾಗುತ್ತಿತ್ತು. ಸಿಹಿ ಬಿಟ್ಟು, ಹಸಿರು ತಿಂದು, ಮಣ್ಣು ಮೆತ್ತಿ ಒಂದು ವರ್ಷ ಕಳೆದ ಮೇಲೆ ಬರಲಿಲ್ಲ. ಹೊಟ್ಟೆ ಗಡಿಯಾರದ ಹಾಗಾಯಿತು. ಹೊಳೆಯ ದಂಡೆಯಿಂದ ಓಣಿಯ ತುದಿಗೆ ಕೊಡ ಹೊತ್ತುಕೊಂಡು ಓಡಿ ಬರುತ್ತಿದ್ದೆ, ಉಬ್ಬಸ ಇಲ್ಲ. ಐದನೇ ಕ್ಲಾಸು ಮುಗಿದದ್ದೇ ಅಪ್ಪ ಶಾಲೆ ಬಿಡಿಸಿದ. ಮಣ್ಣು ಕಲಸಲು ಆಳು ಬೇಕಿತ್ತು. ಅದಕ್ಕೂ ನಾನು ಅಳಲಿಲ್ಲ. ಕಾರ್ಖಾನೆಗೆ ದೋಣಿಯಲ್ಲಿ ಬರುವ ಮಣ್ಣಿನಲ್ಲಿ ಒಳ್ಳೆಯದನ್ನು ಅಪ್ಪ ತರುತ್ತಿದ್ದ. ಅದನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಕಲ್ಲು ಚಿಪ್ಪು ಒಂದೂ ಉಳಿಯದ ಹಾಗೆ ನೋಡಿ, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬೈರಾಸಿನ ಬಟ್ಟೆಯ ಮೇಲೆ ದೋಸೆಯ ಹಿಟ್ಟಿನ ಹಾಗೆ ಹರಡಿ ಮಡಚಬೇಕು. ತೆಳುವಾದರೆ ಹರಿಯುತ್ತದೆ, ದಪ್ಪವಾದರೆ ಬಿರಿಯುತ್ತದೆ. ನನ್ನ ಕೈ ಅದಕ್ಕೆ ಬಹಳ ಬೇಗ ಹದವಾಯಿತು.

ಭಾನುವಾರ ಚಾವಡಿಯಲ್ಲಿ ಜನ. ಮೊದಲು ಓಣಿಯವರು, ಆಮೇಲೆ ಬಂಟ್ವಾಳ ಪೇಟೆಯವರು, ಕೊನೆಗೆ ಬೆಳ್ತಂಗಡಿ, ಮೂಡಬಿದ್ರೆಯ ಬಸ್ಸಿಳಿದು ಬರುವವರು. ಹೊಟ್ಟೆ ಕಟ್ಟಿದವರು, ಉರಿಮೂತ್ರದವರು, ತಲೆನೋವಿನವರು. ಬಹಳ ಜನರಿಗೆ ಗುಣವೂ ಆಯಿತು, ಸುಳ್ಳು ಹೇಳುವುದಿಲ್ಲ. ಮೂರು ಹೊತ್ತು ಕಾಫಿ ಕುಡಿದು ಎಣ್ಣೆತಿಂಡಿ ತಿನ್ನುವವನು ಅದನ್ನು ಬಿಟ್ಟು ಸೊಪ್ಪು ತಿಂದರೆ ಗುಣವಾಗದೆ ಇರುತ್ತದಾ? ಜನ ಅವನನ್ನು ‘ಮಣ್ಣು ಪಂಡಿತರು’ ಅಂತ ಕರೆದರು. ಕಾರ್ಖಾನೆಯಲ್ಲಿ ಬರೇ ರೈಟರ್ ಆಗಿದ್ದವನಿಗೆ ಅದು ಬಹಳ ಹಿತವಾಯಿತು. ಪ್ರತಿ ಭಾನುವಾರ ನನ್ನನ್ನು ಎದುರಿಗೆ ನಿಲ್ಲಿಸಿ ನಾಲಿಗೆ ತೋರಿಸು ಅನ್ನುತ್ತಿದ್ದ.

"ನೋಡಿ, ಎಷ್ಟು ಕೆಂಪು ಉಂಟು. ಈ ಹುಡುಗಿಗೆ ಎಂದೂ ಜ್ವರವಿಲ್ಲ. ಯಾಕೆ? ಅವಳ ಹೊಣೆ ಅವಳೇ ಹೊತ್ತಿದ್ದಾಳೆ."

ನಾನು ನಾಲಿಗೆ ಚಾಚಿಕೊಂಡು ಹೆಮ್ಮೆಯಿಂದ ನಿಲ್ಲುತ್ತಿದ್ದೆ. ಅಜ್ಜಿ ಒಳಗಿನಿಂದ, "ಒಳಗೆ ತಕ್ಕೊ, ಸೊಳ್ಳೆ ಕೂತುಕೊಳ್ತದೆ" ಅನ್ನುತ್ತಿದ್ದಳು.

ಪ್ರತಿ ಸಂಕ್ರಮಣಕ್ಕೆ ಅಪ್ಪ ತೋಡಾರಿಗೆ ಹೋಗುತ್ತಿದ್ದ. ಅವನ ತಾಯಿಮನೆಯ ದೈವಗಳಿಗೆ ತಂಬಿಲ ಕೊಡುವ ದಿನ. ಗಂಡುಮಗನಾದ ಮೇಲೆ ಹೋಗಲೇಬೇಕು. ನಾಲ್ಕು ದಿನ ಅಲ್ಲಿದ್ದು ಬರುತ್ತಿದ್ದ. ನಾವು ಅದನ್ನು ಕೇಳುವಂತಿಲ್ಲ, ಅದು ಅವನ ಮನೆ.

ಅಮ್ಮನಿಗೆ ಕೆಮ್ಮು ಶುರುವಾದಾಗ ನನಗೆ ಹದಿಮೂರು ಇರಬೇಕು. ಮೊದಲು ಬೀಡಿಯ ಧೂಳು ಅಂದುಕೊಂಡೆವು. ಅಮ್ಮ ಹೊಗೆಸೊಪ್ಪಿನ ಮೊರವನ್ನು ಮಡಿಲಲ್ಲಿಟ್ಟುಕೊಂಡು ದಿನವಿಡೀ ಕೂರುವವಳು. ಹೊಗೆಸೊಪ್ಪನ್ನು ಕಂಡರೆ ಅಪ್ಪ ಮೂಗು ಮುಚ್ಚುತ್ತಿದ್ದ. ಆದರೆ ಮನೆ ನಡೆಯುತ್ತಿದ್ದದ್ದು ಅರ್ಧ ಅದರಿಂದ, ಹಾಗಾಗಿ ಅದನ್ನು ಮಾತ್ರ ಹೊರಗೆ ಹಾಕಲಿಲ್ಲ. ಸಂಜೆ ಸಂಜೆ ಮೈ ಬಿಸಿಯಾಗತೊಡಗಿತು. ಕುಪ್ಪಸದ ತೋಳು ಸಡಿಲವಾಯಿತು. ಅಪ್ಪ ಎದುರಿಗೆ ಕೂತು ವಿಚಾರಣೆ ಮಾಡಿದ.

"ಏನು ತಿಂದೆ?"

"ಏನೂ ಇಲ್ಲ."

"ಏನೂ ತಿನ್ನದವಳಿಗೆ ಕೆಮ್ಮು ಬರುವುದಿಲ್ಲ. ಪಕ್ಕದ ಮನೆಯಲ್ಲಿ ಒಣಮೀನು ಸುಟ್ಟ ದಿನ ನೀನು ಅಲ್ಲಿಗೆ ಹೋಗಿದ್ದಿ."

"ಎಲೆ ಕತ್ತರಿಸುವ ಕತ್ತರಿ ತರಲಿಕ್ಕೆ ಹೋದದ್ದು."

ನಾನು ಹೇಳಿದೆ, ಅಮ್ಮ ಏನೂ ತಿಂದಿಲ್ಲ, ದಿನವಿಡೀ ನಾನು ಪಕ್ಕದಲ್ಲೇ ಇರ್ತೇನೆ ಅಂತ. ಅಪ್ಪ ನನ್ನ ತಲೆ ಸವರಿ, "ನಿನ್ನ ಕಣ್ಣು ತಪ್ಪಿಸಿ ತಿಂದಿರಬೇಕು ಮಗಾ" ಅಂದ. ಅಲ್ಲಿ ನನಗೆ ಮೊದಲ ಸಲ ಮುಳ್ಳು ಚುಚ್ಚಿದ ಹಾಗಾಯಿತು. ನಾನು ಕಣ್ಣಾರೆ ಕಂಡದ್ದು ಅವನ ಮಾತಿಗೆ ಹೊಂದಲಿಲ್ಲ. ಹೊಂದದ ಮೇಲೆ ನನ್ನ ಕಣ್ಣೇ ಸುಳ್ಳು. ಭಾನುವಾರದ ಜನರ ಎದುರಿಗೆ ಕೂಡ ಅವನು, "ನನ್ನ ಮನೆಯಲ್ಲೇ ನಾಲಿಗೆ ಕಟ್ಟಲಾರದವರು ಇದ್ದಾರೆ, ಫಲ ಉಣ್ಣುತ್ತಿದ್ದಾರೆ" ಅಂದ. ಅಮ್ಮ ಒಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕುತ್ತಿದ್ದಳು.

ಗಂಜಿ ನಿಂತಿತು. ಎಳನೀರು, ಹಣ್ಣಿನ ರಸ, ಎದೆಗೆ ಮಣ್ಣಿನ ಪಟ್ಟಿ. ಪಟ್ಟಿ ಹಾಕುತ್ತಿದ್ದದ್ದು ನಾನೇ. ಎದೆಯ ಎಲುಬುಗಳ ನಡುವೆ ಹಳ್ಳ ಬಿದ್ದು, ಮಣ್ಣು ಸಮನಾಗಿ ಕೂರುತ್ತಿರಲಿಲ್ಲ. ಅಮ್ಮ ಚಳಿಯಿಂದ ಹಲ್ಲು ಕಡಿಯುತ್ತಿದ್ದಳು, ಬೇಡ ಅನ್ನುತ್ತಿರಲಿಲ್ಲ. ಅಜ್ಜಿ ಕದ್ದು ಒಂದು ಲೋಟ ಉಪ್ಪು ಹಾಕಿದ ಗಂಜಿತಿಳಿ ತಂದರೆ ಅದನ್ನೂ ಕುಡಿಯಲಿಲ್ಲ.

ಹೀಗಿರುವಾಗ ಒಂದು ಸಂಕ್ರಮಣದ ಮಾರನೆಯ ಬೆಳಿಗ್ಗೆ, ಅಪ್ಪ ತೋಡಾರಿನಲ್ಲಿದ್ದಾಗ, ಅಮ್ಮನ ಸೆರಗಿನಲ್ಲಿ ರಕ್ತ ಕಂಡಿತು. ಎಲೆಯಡಿಕೆ ಉಗುಳಿದ ಹಾಗೆ ಕೆಂಪು. ಎಲೆಯಡಿಕೆ ಆ ಮನೆಯಲ್ಲಿ ಇಲ್ಲವಾಗಿ ವರ್ಷಗಳಾಗಿತ್ತು. ಅಜ್ಜಿ ಸೆರಗನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಬಸ್ಸಿನ ಚಿಲ್ಲರೆ ಕೊಟ್ಟಳು.

"ಓಡು. ನಿನ್ನ ಅಪ್ಪನನ್ನು ಕರಕೊಂಡು ಬಾ. ಕರೆದರು ಅಂತ ಹೇಳಬೇಡ, ಬರಲೇಬೇಕಂತೆ ಅಂತ ಹೇಳು."

ಸೇತುವೆ ದಾಟಿ ಬಂಟ್ವಾಳದವರೆಗೆ ನಡೆದು, ಸಿದ್ಧಕಟ್ಟೆಯ ಮೇಲೆ ಮೂಡಬಿದ್ರೆಗೆ ಹೋಗುವ ಬಸ್ಸು ಹಿಡಿದೆ. ಅಲ್ಲಿಂದ ಮಂಗಳೂರು ಮಾರ್ಗದಲ್ಲಿ ಕೇಳುತ್ತಾ ಕೇಳುತ್ತಾ ನಡೆದು ತೋಡಾರಿನ ಮನೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಅಪ್ಪನ ಅಕ್ಕ, ನನ್ನ ಅತ್ತೆ, ಹೊರಗೆ ಪಾತ್ರೆ ತೊಳೆಯುತ್ತಿದ್ದಳು. ದೊಡ್ಡ ಮೈ, ದೊಡ್ಡ ಬಾಯಿ, ಕೆಟ್ಟವಳಲ್ಲ.

"ವಾರಿಜ ಅಲ್ವಾ? ಒಬ್ಬಳೇ ಬಂದದ್ದಾ ಮಾರಾಯ್ತಿ? ಬಾ ಬಾ, ಕಾಲು ತೊಳೆ. ನಿನ್ನ ಅಪ್ಪ ಈಗಷ್ಟೇ ಊಟಕ್ಕೆ ಕೂತದ್ದು."

ಒಳಗೆ ಹೋದೆ. ಅಪ್ಪ ಬಾಗಿಲಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತಿದ್ದ. ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಅದರ ಮೇಲೆ ಕೆಂಪು ಸಾರು, ಬದಿಯಲ್ಲಿ ಬಂಗುಡೆಯ ಮುಳ್ಳಿನ ರಾಶಿ. ಬೆರಳು ನೆಕ್ಕುತ್ತಾ, ತುಳುವಿನಲ್ಲಿ, ನಾನು ಎಂದೂ ಕೇಳದ ಒಂದು ಸಣ್ಣ ಹುಡುಗನ ದನಿಯಲ್ಲಿ, ಇನ್ನೊಂದು ತುಂಡು ಹಾಕು ಅಕ್ಕಾ, ಬಾಲದ್ದು ಬೇಡ, ನಡುವಿನದ್ದು ಹಾಕು ಅಂದ. ಅಕ್ಕ ಬಂದಳು ಅಂದುಕೊಂಡದ್ದು. ತಿರುಗಿ ನೋಡಿದವನ ಕೈ ಎಲೆಯ ಮೇಲೆಯೇ ನಿಂತಿತು.

"ಎಂತ ಆಯ್ತು?"

"ಅಮ್ಮನಿಗೆ ಕೆಮ್ಮುವಾಗ ರಕ್ತ ಬಂತು. ನೀವು ಬರಲೇಬೇಕಂತೆ."

ಅವನು ಎದ್ದು ಕೈ ತೊಳೆಯಲು ಬಾವಿಕಟ್ಟೆಗೆ ಹೋದ. ನನಗೆ ಮೀನಿನ ಮೇಲೆ ಸಿಟ್ಟು ಬರಲಿಲ್ಲ. ಮೀನು ತಿಂದರೆ ತಿನ್ನಲಿ. ನಾನು ನೋಡುತ್ತಿದ್ದದ್ದು ಎಲೆಯ ಬದಿಯಲ್ಲಿದ್ದ ಉಪ್ಪನ್ನು. ನಾಲ್ಕು ಬೆರಳಲ್ಲಿ ಎತ್ತಿ ಇಟ್ಟುಕೊಂಡಿದ್ದ ಉಪ್ಪು. ಅಷ್ಟರಲ್ಲಿ ಅತ್ತೆ ಒಳಗೆ ಬಂದು ನನ್ನ ಭುಜ ಹಿಡಿದು ಕೂರಿಸಿದಳು.

"ರಕ್ತವಾ? ಅಯ್ಯೋ, ಇವನಿಗೂ ಹಾಗೆಯೇ ಶುರುವಾದದ್ದು. ಹೆದರಬೇಡ ಮಗಾ. ಈಗ ಕ್ಷಯಕ್ಕೆ ಒಳ್ಳೆ ಸೂಜಿ ಉಂಟು. ಮೂಡಬಿದ್ರೆಯಿಂದ ಡಾಕ್ಟ್ರು ಸೈಕಲ್ಲಿನಲ್ಲಿ ಬಂದು ದಿನಾ ಚುಚ್ಚಿ ಹೋಗ್ತಿದ್ರು. ಇವನಿಗೆ ಕೂತುಕೊಳ್ಳಲಿಕ್ಕೆ ಜಾಗ ಇರಲಿಲ್ಲ, ಕವುಚಿ ಮಲಗಿ ಅಳುವುದು. ಮೊಟ್ಟೆ ಕೊಟ್ಟೆ, ಆಡಿನ ಕಾಲಿನ ಸಾರು ಕೊಟ್ಟೆ. ಈಗ ನೋಡು ಹೇಗಿದ್ದಾನೆ. ನಿನ್ನ ಅಮ್ಮನಿಗೆ ಸೂಜಿ ಶುರು ಮಾಡಿದ್ದಲ್ವಾ?"

"ಮಣ್ಣು ಹಾಕ್ತಾ ಇದ್ದೇವೆ."

"ಮಣ್ಣಾ? ಎಲ್ಲಿಗೆ?"

"ಎದೆಗೆ."

ಅತ್ತೆ ದನಿ ತಗ್ಗಿಸಿ ಹೇಳಿದಳು.

"ಇಲ್ಲಿಯೂ ಮಣ್ಣು ಹಾಕಿದ್ದುಂಟು. ಸೂಜಿ ಚುಚ್ಚಿದಲ್ಲಿ ಗಂಟು ಕಟ್ಟಿ ಊದ್ತಿತ್ತಲ್ಲ, ಅದಕ್ಕೆ ತಂಪಾಗಲಿ ಅಂತ ನಾನೇ ಹಾಕಿದ್ದು."

ಮೂರು ವರ್ಷ ನಾನು ಜರಡಿ ಹಿಡಿದ ಮಣ್ಣಿನ ಕಥೆ ಅಷ್ಟೇ. ಅವನಿಗೆ ಗುಣ ಮಾಡಿದ್ದು ಡಾಕ್ಟರರ ಸೂಜಿ, ಅಕ್ಕನ ಮೊಟ್ಟೆ. ಮಣ್ಣು ಬಿದ್ದದ್ದು ಸೂಜಿಯ ಗಾಯಕ್ಕೆ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಬದಿಗೆ ಕೂತ. ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತಾಗ, ನನ್ನನ್ನು ನೋಡದೆ ಕೇಳಿದ.

"ಅತ್ತೆ ಎಂತ ಹೇಳಿದಳು?"

"ಎಲ್ಲ ಹೇಳಿದರು."

"ಕ್ಷಯ ಅಂತ ಗೊತ್ತಾದರೆ ಕಾರ್ಖಾನೆಯೊಳಗೆ ಬಿಡುವುದಿಲ್ಲ. ಬಾವಿಯ ನೀರು ಸೇದಲಿಕ್ಕೆ ಬಿಡುವುದಿಲ್ಲ. ನಿನ್ನನ್ನು ಕೇಳಿಕೊಂಡು ಒಂದು ನರಪಿಳ್ಳೆ ಬರುವುದಿಲ್ಲ. ನಾನು ಬಾಯಿ ಮುಚ್ಚಿದ್ದು ನಿನಗೋಸ್ಕರ."

"ಬಾಯಿ ಮುಚ್ಚಿದ್ದಲ್ಲ, ಮಣ್ಣು ಅಂತ ಹೇಳಿದ್ದು. ಅಮ್ಮನಿಗೆ ಸೂಜಿ ಯಾವಾಗ?"

"ಸ್ವಲ್ಪ ನೋಡುವ. ಮಣ್ಣಿನಿಂದಲೇ ಇಳಿದರೂ ಇಳಿಯಬಹುದು."

ಅದನ್ನು ಅವನು ನಂಬಿಯೇ ಹೇಳಿದ್ದೋ, ಬಾಯಿಗೆ ಬಂದದ್ದನ್ನು ಹೇಳಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಸುಳ್ಳನ್ನು ಪ್ರತಿ ಭಾನುವಾರ ಕೈಮುಗಿದು ಕೇಳುವ ಜನರ ಎದುರು ಹೇಳುತ್ತಾ ಹೋದರೆ, ಹೇಳುವವನಿಗೂ ಅದು ನಿಜದ ಹಾಗೆ ಕೇಳಿಸಬಹುದು. ಇರಲಿ. ಕಿಟಕಿಯಿಂದ ಬಂದ ಗಾಳಿಯಲ್ಲಿ ಅವನ ಕೈಯ ಮೀನಿನ ವಾಸನೆ ನನ್ನ ಮೂಗಿಗೆ ಹೊಡೆಯುತ್ತಿತ್ತು. ನನಗೆ ಹಸಿವಾಗಿತ್ತು.

ಮನೆಗೆ ಬಂದು, ಅವನು ಬಚ್ಚಲಿಗೆ ಹೋದ ಹೊತ್ತಿನಲ್ಲಿ ಅಜ್ಜಿಗೆ ಎಲ್ಲ ಹೇಳಿದೆ. ಅಪ್ಪ ಚಾವಡಿಗೆ ಬಂದಾಗ ಅವಳು ಅಡುಗೆಕೋಣೆಯಿಂದ ಹೊರಗೆ ಬಂದಳು, ಅಳಿಯನ ಎದುರಿಗೆ ನೆಲದ ಮೇಲೆ ಕಾಲು ನೀಡಿ ಕೂತಳು. ಹಾಗೆ ಕೂತದ್ದನ್ನು ನಾನು ಆವತ್ತೇ ನೋಡಿದ್ದು. ವಾರಿಜಾ ಅಂತ ನನ್ನನ್ನು ಕರೆಯಲಿಲ್ಲ.

"ನಿಮ್ಮ ಅಕ್ಕ ನಿಮಗೆ ಸೂಜಿ ಹಾಕಿಸಿ ಉಳಿಸಿಕೊಂಡಳು. ಒಳ್ಳೇದಾಯ್ತು. ನೀವು ಅವಳ ಮನೆಯವರು. ಒಳಗೆ ಮಲಗಿದವಳು ಯಾರ ಮನೆಯವಳು?"

ಅಪ್ಪ ಕನ್ನಡದಲ್ಲಿ ಏನೋ ಶುರು ಮಾಡಿದ. ಶರೀರ, ಪ್ರಕೃತಿ ಅಂತ.

"ನನಗೆ ಆ ಭಾಷೆ ಬರುವುದಿಲ್ಲ. ಅವಳು ನನ್ನ ಮನೆಯವಳು. ನಾಳೆ ಮಂಗಳೂರಿನ ದೊಡ್ಡಾಸ್ಪತ್ರೆಗೆ ನಾನು ಕರಕೊಂಡು ಹೋಗ್ತೇನೆ. ಬರುವುದಾದರೆ ಬನ್ನಿ. ಇಲ್ಲವಾ, ಇಲ್ಲಿ ಕೂತು ಮಣ್ಣು ಕಲಸಿ."

ನಾನು ಕತ್ತಲೆಕೋಣೆಗೆ ಓಡಿದೆ. ಅಮ್ಮನಿಗೆ ಹೇಳಬೇಕಿತ್ತು, ನಿನ್ನದೇನೂ ತಪ್ಪಿಲ್ಲ, ನೀನು ಕದ್ದು ತಿಂದದ್ದರಿಂದ ಬಂದದ್ದಲ್ಲ, ಅವನಿಂದ ಬಂದದ್ದು, ಅವನು ಮೀನು ತಿನ್ನುತ್ತಾನೆ, ಸೂಜಿ ಹಾಕಿಸಿಕೊಂಡಿದ್ದಾನೆ ಅಂತ. ಎದೆಯ ಮೇಲಿನ ಪಟ್ಟಿ ಕಿತ್ತು ಮೂಲೆಗೆ ಹಾಕಿ, ಒಂದೇ ಉಸಿರಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೇಳಿದಳು.

"ನನಗೆ ಗೊತ್ತಿತ್ತು."

"ಯಾವುದು?"

"ಎಲ್ಲ. ಬಂದ ದಿನವೇ ಗೊತ್ತಾಯ್ತು. ಸೂಜಿಯ ಗಂಟು ಮೈಯಲ್ಲಿ ಹಾಗೇ ಉಂಟು. ಹೆಂಡತಿಯ ಕೈಗೆ ಸಿಗದೆ ಇರ್ತದಾ?"

"ಮತ್ತೆ ಯಾಕೆ ಹಸಿದು ಮಲಗಿದ್ದು? ಅವರು ಬೈಯುವಾಗ ಯಾಕೆ ಹೇಳಲಿಲ್ಲ?"

"ನಾನು ಆಸ್ಪತ್ರೆಗೆ ಹೋದರೆ ಊರಿಗೆ ಗೊತ್ತಾಗ್ತದೆ. ಗೊತ್ತಾದರೆ ನಿನ್ನನ್ನು ಯಾರು ಕೊಂಡು ಹೋಗ್ತಾರೆ? ನಿನಗೊಂದು ಮದುವೆ ಆಗಲಿ ಅಂತ ಕಾದೆ."

ಅಪ್ಪನ ಸುಳ್ಳು ನನಗೆ ಸಿಟ್ಟು ತಂದಿತ್ತು. ಇದು ನನ್ನ ಕಾಲ ಕೆಳಗಿನ ನೆಲವನ್ನೇ ತೆಗೆಯಿತು. ಮೂರು ವರ್ಷ ಇವರಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿ, ಒಬ್ಬ ಹೇಳದ್ದನ್ನು ಇನ್ನೊಬ್ಬಳು ಕೇಳದೆ, ಎಲ್ಲವನ್ನೂ ನನ್ನ ಹೆಸರಿನಲ್ಲಿ ಮಾಡಿದ್ದರು. ನನಗೆ ಗಂಡ ಬೇಕಾ, ತಾಯಿ ಬೇಕಾ ಅಂತ ಯಾರಾದರೂ ಒಂದು ಮಾತು ಕೇಳಿದ್ದರಾ? ನಿನ್ನ ಒಡಲಿಗೆ ನೀನೇ ಹೊಣೆ ಅಂತ ದಿನಾ ಪಾಠ. ನನ್ನ ಎದೆಯೊಳಗೂ ಅದೇ ಹುಳ ಇರಬಹುದು ಅನ್ನುವ ಒಂದು ಸುದ್ದಿ ಮಾತ್ರ ನನಗೆ ಇಲ್ಲ. ಗೊತ್ತಿಲ್ಲದವಳು ಯಾವ ಹೊಣೆ ಹೊರುವುದು? ಅಡುಗೆಕೋಣೆಗೆ ಹೋಗಿ ಗಂಜಿಗೆ ಉಪ್ಪು ಹಾಕಿ ತಂದು ಕುಡಿಸಿದೆ. ಕುಡಿದಳು.

ಆಸ್ಪತ್ರೆಯಲ್ಲಿ ಕ್ಷಯವೇ ಅಂದರು. ನನ್ನ ಎದೆಯನ್ನೂ ನೋಡಿದರು, ಏನೂ ಇರಲಿಲ್ಲ. ಬಂಟ್ವಾಳದಲ್ಲಿ ದಿನಾ ಸೂಜಿ ಹಾಕಿಸುವ ವ್ಯವಸ್ಥೆಯಾಯಿತು. ಅಜ್ಜಿ ಅಮ್ಮನ ಕೈ ಹಿಡಿದು ಸೇತುವೆ ದಾಟಿಸುತ್ತಿದ್ದಳು, ಕೇಳಿದವರಿಗೆ ಸೊಂಟನೋವು ಅನ್ನುತ್ತಿದ್ದಳು. ಅವಳೂ ಅದೇ ದಾರಿ ಹಿಡಿದಳು, ಏನು ಮಾಡುವುದು. ಆದರೆ ಅಡುಗೆಕೋಣೆಗೆ ಮೊಟ್ಟೆ ಬಂತು, ಮೀನಿನ ಸಾರು ಬಂತು. ಅಪ್ಪನ ಪಾಲಿನ ಉಪ್ಪಿಲ್ಲದ ಗಂಜಿ ಬೇರೆ ಪಾತ್ರೆಯಲ್ಲಿ ಬೇಯುತ್ತಿತ್ತು. ಅದನ್ನು ಅವನು ಮುಖ ಎತ್ತದೆ ಉಣ್ಣುತ್ತಿದ್ದ. ವರ್ಷ ಕಳೆಯುವಾಗ ಅಮ್ಮನ ಕುಪ್ಪಸದ ತೋಳು ಮತ್ತೆ ಬಿಗಿಯಾಯಿತು.

ಇಷ್ಟು ಬರೆದ ಮೇಲೆ ಜನ ಕೇಳಬಹುದು, ನೀನು ಆಮೇಲೆ ಸೊಪ್ಪು ಸದೆ ಎಲ್ಲ ಬಿಟ್ಟಿಯಾ ಅಂತ. ಬಿಡಲಿಲ್ಲ. ಅದೇ ನನಗೆ ದೊಡ್ಡ ಸಿಟ್ಟು. ಹೇಳಿದವನು ಸುಳ್ಳಾದ, ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಮದುವೆಯಾಗಿ ಬೆಳ್ತಂಗಡಿಗೆ ಹೋದ ಮೇಲೂ ಹೊತ್ತು ಮುಳುಗುವ ಮೊದಲು ಉಂಡೆ, ಸಿಹಿ ಮುಟ್ಟಲಿಲ್ಲ, ಹಿತ್ತಿಲಲ್ಲಿ ತಿಮರೆ ಬೆಳೆಸಿದೆ. ಈಗಲೂ ಹೊಟ್ಟೆ ಕೆಟ್ಟರೆ ಒಂದು ಹೊತ್ತು ಬಿಡುತ್ತೇನೆ, ಕಾಲು ಉರಿದರೆ ಮಣ್ಣು ಮೆತ್ತುತ್ತೇನೆ. ರಕ್ತದ ಒತ್ತಡಕ್ಕೆ ಡಾಕ್ಟರರು ಕೊಟ್ಟ ಮಾತ್ರೆಯನ್ನೂ ನುಂಗುತ್ತೇನೆ. ಎರಡನ್ನೂ ಎಲ್ಲರ ಎದುರಿಗೇ ಮಾಡುತ್ತೇನೆ. ನನ್ನ ಮಕ್ಕಳಿಗೆ, ಸೊಸೆಯಂದಿರಿಗೆ ಹೇಳುವುದು ಇಷ್ಟೇ: ಒಡಲು ನಿಮ್ಮದು, ನೋಡಿಕೊಳ್ಳುವುದು ನಿಮ್ಮ ಕೆಲಸ. ಆದರೆ ಕಾಯಿಲೆ ಬಂದವರನ್ನು ಏನು ತಿಂದೆ ಅಂತ ಕೇಳುವ ಬಾಯಿ ನನ್ನ ಮನೆಯಲ್ಲಿ ಬೇಡ.

ಇನ್ನು ಆ ಭಾನುವಾರದ ವಿಷಯ. ಅಮ್ಮನ ಕೆಮ್ಮು ನಿಂತು, ಸೂಜಿಯೂ ಮುಗಿದಿತ್ತು. ಕೆಲವು ಕಾಲ ಬರುವುದನ್ನು ನಿಲ್ಲಿಸಿದ್ದ ಚಾವಡಿಯ ಜನ ಮತ್ತೆ ಬರತೊಡಗಿದ್ದರು. ನಾನು ಒಳಗೆ ತರಕಾರಿ ಕೊರೆಯುತ್ತಿದ್ದೆ. ಅಪ್ಪನ ದನಿ ಕೇಳಿಸಿತು, ಅದೇ ಪುಸ್ತಕದ ಕನ್ನಡ.

"ನನ್ನ ಮನೆಯವಳೇ ಸಾಕ್ಷಿ. ಎಲುಬಿನ ಗೂಡಾಗಿದ್ದಳು. ನೀವೇ ಕಂಡಿದ್ದೀರಿ. ಮಣ್ಣು ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ಈಗ ನೋಡಿ."

ಕತ್ತಿ ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಬಂದೆ. ಅಮ್ಮ ಅವನ ಬದಿಯಲ್ಲಿ, ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಚಾವಡಿಯ ಕೊನೆಯಲ್ಲಿ, ಮಡಿಲಲ್ಲಿ ಮಗು ಇಟ್ಟುಕೊಂಡ ಒಬ್ಬಳು ಹೆಂಗಸು. ಬೆಳ್ತಂಗಡಿಯ ಆಚೆ ಕಡೆಯವಳು, ಬಾಯಿಗೆ ಬೈರಾಸು ಒತ್ತಿಕೊಂಡಿದ್ದಳು. ಅವಳು ಅಪ್ಪನನ್ನು ಬಿಟ್ಟು ಅಮ್ಮನನ್ನು ಕೇಳಿದಳು.

"ಹೌದಾ ಅಕ್ಕಾ? ಮಣ್ಣಿನಿಂದಲೇ ಕಡಿಮೆಯಾದದ್ದಾ?"

ಅಮ್ಮ ನನ್ನನ್ನು ನೋಡಿದಳು. ಒಂದು ಗಳಿಗೆ ನಾನು ಕಾದೆ. ಜನರ ಎದುರು ಬೈಸಿಕೊಂಡವಳು, ಸಾಯಲಿಕ್ಕೆ ಹೊರಟವಳು, ಈಗಲಾದರೂ ಅಂತ ಕಾದೆ.

"ಹೌದು," ಅಂದಳು. "ಮಣ್ಣಿನಿಂದಲೇ."

ಜನ ಎದ್ದು ಹೋಗುವಾಗ ನಾನು ಹಿಂಬಾಗಿಲಿನಿಂದ ಇಳಿದು, ಓಣಿ ಹತ್ತಿ, ಸೇತುವೆಯ ಹತ್ತಿರ ಆ ಹೆಂಗಸನ್ನು ಹಿಡಿದೆ. ಅವಳ ಕೈಯಲ್ಲಿ ಅಪ್ಪ ಕೊಟ್ಟ ಮಣ್ಣಿನ ಕಟ್ಟು ಇತ್ತು, ನಾನೇ ಜರಡಿ ಹಿಡಿದದ್ದು.

"ಅಕ್ಕಾ, ನನ್ನ ಅಮ್ಮನಿಗೆ ಸೂಜಿ ಹಾಕಿಸಿದ್ದು. ಅಪ್ಪನಿಗೂ ಸೂಜಿಯೇ. ಸೊಪ್ಪು ತಿನ್ನಿ, ಹಣ್ಣು ತಿನ್ನಿ, ಒಳ್ಳೆಯದೇ. ಆದರೆ ಮೊದಲು ದೊಡ್ಡಾಸ್ಪತ್ರೆಗೆ ಹೋಗಿ. ಮಗುವನ್ನೂ ಕರಕೊಂಡು ಹೋಗಿ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅಪ್ಪನ ಹೆಸರು ಕೆಡಿಸುವ ಹುಡುಗಿ ಅನಿಸಿರಬೇಕು.

"ನಿನ್ನ ಅಮ್ಮ ನನ್ನ ಮುಖ ನೋಡಿ ಹೇಳಿದ್ದಲ್ವಾ? ಅವಳೂ ಮಗು ಹೆತ್ತವಳು. ನನ್ನ ಮಡಿಲಲ್ಲಿ ಮಗು ನೋಡಿ ಸುಳ್ಳು ಹೇಳ್ತಾಳಾ?"

"ಹೇಳ್ತಾಳೆ," ಅಂದೆ.

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಸೇತುವೆಯ ಮೇಲೆ ನಡೆದು ಹೋದಳು. ಮಂಗಳೂರಿನ ಬಸ್ಸು ಹತ್ತಿದಳೋ, ಬೆಳ್ತಂಗಡಿಯದ್ದನ್ನು ಹತ್ತಿದಳೋ ನಾನು ನೋಡಲಿಲ್ಲ. ನಮ್ಮ ಚಾವಡಿಗೆ ಮಾತ್ರ ಅವಳು ಮತ್ತೆ ಬರಲಿಲ್ಲ.